‘ಮುಸ್ಲಿಂ ಲೀಡರ್‌ಗಳು ತಮ್ಮವರ ಬಗ್ಗೆನೇ ಯಾಕೆ ಮಾತಾಡ್ತಾರೆ?’ ಅನ್ನೋರಿಗೆ

ನಾನು ರಾಜಕೀಯ ವರದಿ ಮಾಡುವವನು ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮುಂದಿನ ಸಲ ಯಾರು ಬರ್ತಾರೆ ಅನ್ನೋದು ಒಂದು. ಅದು ನನಗೂ ಗೊತ್ತಿಲ್ಲ. ಇನ್ನೊಂದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ: “ಅಲ್ಲ ಸಾರ್, ಈ ಮುಸ್ಲಿಂ ಲೀಡರ್‌ಗಳು ಯಾವಾಗ ನೋಡಿದ್ರೂ ತಮ್ಮವರ ಬಗ್ಗೆನೇ ಮಾತಾಡ್ತಾರಲ್ಲ, ಯಾಕೆ? ವಕ್ಫ್, ಹಜ್, ಖಬರಸ್ತಾನ. ಬೇರೆ ವಿಷಯಾನೇ ಇಲ್ವಾ ಅವರಿಗೆ?” ರೈಲಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ನಮ್ಮ ಭಾವನೂ ಕೇಳಿದ್ದಾರೆ. ಕೇಳುವವರು ಕೆಟ್ಟವರೇನಲ್ಲ. ಅವರಿಗೆ ಹಾಗೆ ಕಾಣುತ್ತಿದೆ, ಅದಕ್ಕೇ ಕೇಳುತ್ತಾರೆ. ನಾನು ಅರ್ಧ ಹೇಳುವಷ್ಟರಲ್ಲಿ ಹೋಳಿಗೆ ಬಂದಿರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಖಾತೆ ಹಂಚಿಕೆಯ ಪಟ್ಟಿ ನೋಡಿ. 2013ರಲ್ಲಿ ಕಲಬುರಗಿಯ ಖಮರುಲ್ ಇಸ್ಲಾಂ ಅವರಿಗೆ ಪೌರಾಡಳಿತ, ಜೊತೆಗೆ ಅಲ್ಪಸಂಖ್ಯಾತರ ಕಲ್ಯಾಣ ಮತ್ತು ವಕ್ಫ್, ಅಂದರೆ ಮುಸ್ಲಿಂ ಧಾರ್ಮಿಕ, ದತ್ತಿ ಆಸ್ತಿಗಳನ್ನು ನೋಡಿಕೊಳ್ಳುವ ಖಾತೆ. 2014ರಲ್ಲಿ ರೋಷನ್ ಬೇಗ್ ಅವರಿಗೆ ಮೂಲಸೌಕರ್ಯ, ವಾರ್ತಾ ಇಲಾಖೆ, ಜೊತೆಗೆ ಹಜ್. 2016ರಲ್ಲಿ ತನ್ವೀರ್ ಸೇಠ್ ಅವರಿಗೆ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಜೊತೆಗೆ ವಕ್ಫ್. 2018ರಲ್ಲಿ ಜಮೀರ್ ಅಹ್ಮದ್ ಖಾನ್ ಅವರಿಗೆ ಆಹಾರ, ಜೊತೆಗೆ ವಕ್ಫ್. 2023ರಲ್ಲಿ ಅವರಿಗೇ ವಸತಿ, ಮತ್ತೆ ಜೊತೆಗೆ ವಕ್ಫ್. ಬೀದರಿನ ರಹೀಂ ಖಾನ್ ಅವರಿಗೆ ಪೌರಾಡಳಿತ, ಜೊತೆಗೆ ಹಜ್. ಇದು ಕಾಂಗ್ರೆಸ್, ಜೆಡಿಎಸ್ ಚಾಳಿ ಮಾತ್ರ ಅಂದುಕೊಳ್ಳಬೇಡಿ. 2008ರಲ್ಲಿ ಬಂದ ಬಿಜೆಪಿ ಸರ್ಕಾರದಲ್ಲಿ ಮುಮ್ತಾಜ್ ಅಲಿ ಖಾನ್ ಸಚಿವರಾಗಿದ್ದರು. ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಕೊಟ್ಟ ಖಾತೆ ಯಾವುದು ಹೇಳಿ? ಅಲ್ಪಸಂಖ್ಯಾತರ ಕಲ್ಯಾಣ, ಹಜ್, ವಕ್ಫ್. ಎಲೆ ಹಾಕಿದ ಕೂಡಲೇ ಉಪ್ಪು ಬಡಿಸಿದ ಹಾಗೆ.

ಹೀಗೇ ಕೊಡಬೇಕು ಅಂತ ಕಾನೂನೇನಿಲ್ಲ. ಬೊಮ್ಮಾಯಿ ಸರ್ಕಾರದಲ್ಲಿ ಶಶಿಕಲಾ ಜೊಲ್ಲೆ ಅವರು ಮುಜರಾಯಿ (ದೇವಸ್ಥಾನಗಳ ಖಾತೆ), ಹಜ್, ವಕ್ಫ್ ಮೂರನ್ನೂ ಒಬ್ಬರೇ ನೋಡಿಕೊಂಡರು. ಏನೂ ಮುಳುಗಿಹೋಗಲಿಲ್ಲ. ಆದರೆ ಮುಸ್ಲಿಂ ಸಚಿವರು ಅಂದ ಕೂಡಲೇ ಅವರನ್ನು ಆ ಇಲಾಖೆಯಲ್ಲಿ ಕೂರಿಸುತ್ತೇವೆ. ಆಮೇಲೆ, ಇಲ್ಲೇ ಯಾಕೆ ಕೂತಿದ್ದೀರಿ ಅಂತ ನಾವೇ ಕೇಳುತ್ತೇವೆ.

ಈಗ ನಾನು ಕಣ್ಣಾರೆ ಕಂಡದ್ದು. ಸಚಿವರೊಬ್ಬರು ಜಿಲ್ಲೆಗೆ ಬಂದಿದ್ದರು. ಹೆಸರು ಬೇಡ. ಪ್ರಗತಿ ಪರಿಶೀಲನಾ ಸಭೆ ಮುಗಿಸಿ ಪತ್ರಿಕಾಗೋಷ್ಠಿ. ಜೆರಾಕ್ಸ್ ಮಾಡಿಸಿದ ಹಾಳೆಗಳನ್ನು ನಮಗೆಲ್ಲ ಹಂಚಿದರು. ಯಾವ ವಾರ್ಡಿನಲ್ಲಿ ಯುಜಿಡಿ (ಒಳಚರಂಡಿ) ಕೆಲಸ ಬಾಕಿ, ಯಾವ ಗುತ್ತಿಗೆದಾರನಿಗೆ ನೋಟಿಸ್, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ಓದಿ ಮುಗಿಸಿ ನೀರಿನ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಮೈಕ್ ಎದ್ದಿತು. “ಸರ್, ಉತ್ತರ ಭಾರತದಲ್ಲಿ ಮೌಲ್ವಿಯೊಬ್ಬರು ಹಿಂಗಿಂಗೆ ಹೇಳಿದ್ದಾರೆ, ಖಂಡಿಸ್ತೀರಾ?” ಸಚಿವರು, “ಅವರು ಯಾರು ಅಂತಾನೇ ನಂಗೆ ಗೊತ್ತಿಲ್ಲಪ್ಪ, ಊರಿನ ನೀರಿನ ವಿಷಯ ಕೇಳಿ” ಅಂದರು. ಅಷ್ಟೇ. ಸಂಜೆ ಟಿವಿಯ ಕೆಳಪಟ್ಟಿಯಲ್ಲಿ ಓಡಿದ್ದು ‘ಖಂಡಿಸಲು ಸಚಿವರ ಹಿಂದೇಟು’. ಯುಜಿಡಿ ಎಲ್ಲೂ ಇಲ್ಲ. ಅದೇ ಹಾಲ್‌ಗೆ ಬಂದ ಬೇರೆ ಸಚಿವರಿಗೆ, ಹರಿದ್ವಾರದಲ್ಲಿ ಸಾಧು ಒಬ್ಬರು ಹೇಳಿದ್ದನ್ನು ಖಂಡಿಸ್ತೀರಾ ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಟಿವಿ ನೋಡಿದ ನಿಮಗೆ ಆ ಮನುಷ್ಯ ಬರೀ ಮೌಲ್ವಿ ವಿಷಯ ಮಾತಾಡಿದ ಹಾಗೆ ಕಂಡರೆ ಅದು ನಿಮ್ಮ ತಪ್ಪಲ್ಲ. ಆದರೆ ಅವರದ್ದೂ ಅಲ್ಲ, ಅಲ್ವಾ?

ಬೇರೆ ಕೆಲಸ ಮಾಡಿದವರೂ ಇದ್ದಾರೆ. ಅವರನ್ನು ಲೆಕ್ಕ ಹಿಡಿಯುವಾಗ ನಮಗೆ ನೆನಪಾಗುವುದಿಲ್ಲ. ಸಿ.ಕೆ. ಜಾಫರ್ ಷರೀಫ್ ಚಳ್ಳಕೆರೆಯವರು. 1991ರಿಂದ 1995ರವರೆಗೆ ನರಸಿಂಹರಾವ್ ಸರ್ಕಾರದಲ್ಲಿ ರೈಲ್ವೆ ಮಂತ್ರಿ. ಆಗ ನಮ್ಮ ರಾಜ್ಯದ ತುಂಬ ಮೀಟರ್ ಗೇಜ್, ಅಂದರೆ ಕಡಿಮೆ ಅಗಲದ ಹಳಿ. ಒಂದು ಗೇಜಿನಿಂದ ಇನ್ನೊಂದು ಗೇಜಿಗೆ ಬರುವ ಕಡೆ ಸಾಮಾನು ಇಳಿಸಿ ಮತ್ತೆ ಹೇರಬೇಕಿತ್ತು, ಜನರೂ ರೈಲು ಬದಲಿಸಬೇಕಿತ್ತು. ದೇಶದ ಹಳಿಗಳನ್ನೆಲ್ಲ ಅಗಲವಾದ ಬ್ರಾಡ್ ಗೇಜ್ ಮಾಡುವ ಯೂನಿಗೇಜ್ ಯೋಜನೆ 1992ರಲ್ಲಿ ಶುರುವಾಗಿದ್ದು ಅವರ ಕಾಲದಲ್ಲಿ. ಬೆಂಗಳೂರಿನಿಂದ ಮೈಸೂರಿಗೂ ಹುಬ್ಬಳ್ಳಿಗೂ ಹೋಗುವ ಹಳಿ ಅಗಲವಾಗಿದ್ದೂ 90ರ ದಶಕದಲ್ಲೇ. ಯಲಹಂಕದಲ್ಲಿ ಚಕ್ರ ಮತ್ತು ಅಚ್ಚು ಮಾಡುವ ಕಾರ್ಖಾನೆ ಶುರುವಾದ 80ರ ದಶಕದ ಆರಂಭದಲ್ಲಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದರು. ಆ ಅಗಲವಾದ ಹಳಿಯ ಮೇಲೆ ಓಡುವ ರೈಲಿನಲ್ಲಿ ಕೂತುಕೊಂಡೇ ಒಬ್ಬರು ನನಗೆ ಮೇಲಿನ ಪ್ರಶ್ನೆ ಕೇಳಿದ್ದಾರೆ. ತಮಾಷೆಗೆ ಹೇಳುತ್ತಿಲ್ಲ.

ಇದು ಇವತ್ತಿನ ಟಿವಿ ಕಾಲದ ಕಾಯಿಲೆಯೂ ಅಲ್ಲ. ಮಿರ್ಜಾ ಇಸ್ಮಾಯಿಲ್ 1926ರಲ್ಲಿ ಮೈಸೂರಿನ ದಿವಾನರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದವರು. ಎರಡೇ ವರ್ಷಕ್ಕೆ, 1928ರಲ್ಲಿ, ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿಷಯಕ್ಕೆ ಗಲಭೆ ಎದ್ದಿತು. ಸ್ಥಳೀಯವಾಗಿ ಮುಗಿಯಬೇಕಿದ್ದ ಜಗಳ ದಿವಾನರ ಧರ್ಮದವರೆಗೂ ಹೋಯಿತು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಬೇಕಾಯಿತು. ಮಹಾರಾಜರು ಮಾತ್ರ ಅವರ ಕೈ ಬಿಡಲಿಲ್ಲ. 1941ರವರೆಗೂ ಮಿರ್ಜಾ ದಿವಾನರಾಗಿದ್ದರು. ಕೆಆರ್‌ಎಸ್‌ ಕೆಳಗಿನ ಬೃಂದಾವನ ಅವರ ಕಾಲದ್ದು. ಆಮೇಲೆ ಜೈಪುರಕ್ಕೆ ಹೋದರು. ಅಲ್ಲಿನ ದೊಡ್ಡ ಅಂಗಡಿ ಬೀದಿ ಎಂ.ಐ. ರೋಡ್ ಇದೆಯಲ್ಲ, ಅದು ನಮ್ಮ ಮಿರ್ಜಾ ಇಸ್ಮಾಯಿಲ್ ಹೆಸರೇ. ಅಲ್ಲಿ ಶಾಪಿಂಗ್ ಮಾಡಿ ಬಂದ ಎಷ್ಟೋ ಕನ್ನಡಿಗರಿಗೆ ಇದು ಗೊತ್ತಿಲ್ಲ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಬರುವ ಮಾತು: “ಅವರೆಲ್ಲ ಬಿಡಿ ಸಾರ್, ಅವರು ಹಾಗಲ್ಲ.” ಯು.ಟಿ. ಖಾದರ್ ಬಗ್ಗೆಯೂ ಹೀಗೇ ಹೇಳುತ್ತಾರೆ. ನನಗೆ ಬೈಗುಳಕ್ಕಿಂತ ಈ ಹೊಗಳಿಕೆಯೇ ಜಾಸ್ತಿ ಕಿರಿಕಿರಿ. ಖಾದರ್ ಆರೋಗ್ಯ ಸಚಿವರಾಗಿದ್ದಾಗ ಬೈಕ್ ಆಂಬುಲೆನ್ಸ್ ಬಂತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಸರ್ಕಾರದ ಖರ್ಚಿನಲ್ಲಿ ಕೊಡಿಸುವ ಹರೀಶ್ ಸಾಂತ್ವನ ಯೋಜನೆ ಬಂತು. ಅದು ಚೆನ್ನಾಗಿ ನಡೆಯಿತೋ ಇಲ್ಲವೋ, ಆಸ್ಪತ್ರೆಗಳಿಗೆ ದುಡ್ಡು ಸಮಯಕ್ಕೆ ಸಿಕ್ಕಿತೋ ಇಲ್ಲವೋ, ಅದರ ಮೇಲೆ ಅವರನ್ನು ಹೊಗಳಿ, ಇಲ್ಲ ತೆಗಳಿ. ನಾವು ಹಾಗೆ ಮಾಡುವುದಿಲ್ಲ. ದೇವಸ್ಥಾನದ ಕಾರ್ಯಕ್ರಮಕ್ಕೆ ಬಂದ್ರಾ, ಪ್ರಸಾದ ತಗೊಂಡ್ರಾ ಅಂತ ನೋಡುತ್ತೇವೆ. ಹೋದರೆ ಒಂದಷ್ಟು ಜನಕ್ಕೆ ನಾಟಕ, ಹೋಗದಿದ್ದರೆ ಇನ್ನೊಂದಷ್ಟು ಜನಕ್ಕೆ ದುರಹಂಕಾರ. ಜೊತೆಗೆ, ಯಾಕೆ ಹೋದೆ ಅಂತ ಕೇಳುವವರು ಅವರ ಸಮುದಾಯದಲ್ಲೂ ಇರುತ್ತಾರೆ. ಬೇರೆ ಎಂಎಲ್‌ಎಗೆ ಇಂಥ ಪರೀಕ್ಷೆ ಇಲ್ಲ.

2023ರ ಮೇ ತಿಂಗಳಲ್ಲಿ ಖಾದರ್ ವಿಧಾನಸಭೆಯ ಸ್ಪೀಕರ್ ಆದರು. ಕರ್ನಾಟಕದಲ್ಲಿ ಆ ಪೀಠದಲ್ಲಿ ಕೂತ ಮೊದಲ ಮುಸ್ಲಿಂ. ಕೆಲವೇ ತಿಂಗಳಲ್ಲಿ, ತೆಲಂಗಾಣ ಚುನಾವಣೆಯ ಪ್ರಚಾರದಲ್ಲಿ, ಜಮೀರ್ ಅಹ್ಮದ್ ಖಾನ್ ಒಂದು ಮಾತು ಆಡಿದರು. ಈಗ ಬಿಜೆಪಿಯವರೂ ನಮ್ಮ ಮುಸ್ಲಿಂ ಸ್ಪೀಕರ್ ಮುಂದೆ ನಿಂತು ನಮಸ್ಕಾರ ಹೇಳಬೇಕು ಅನ್ನುವ ಅರ್ಥದ ಮಾತು. ಬೆಳಗಾವಿ ಅಧಿವೇಶನದಲ್ಲಿ ದೊಡ್ಡ ಗಲಾಟೆ ಆಯಿತು. ಜಮೀರ್ ಹೇಳಿದ್ದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಶಾಸಕರು ತಲೆ ಬಾಗುವುದು ಪೀಠಕ್ಕೆ, ಕೂತವರ ಧರ್ಮಕ್ಕಲ್ಲ. ಆದರೆ ಪಾಪ, ಖಾದರ್ ನೋಡಿ. ಅವರು ಒಂದಕ್ಷರ ಮಾತಾಡಿರಲಿಲ್ಲ. ವಿರೋಧಿಗಳಿಗೂ ಅವರು ‘ಮುಸ್ಲಿಂ ಸ್ಪೀಕರ್’, ಸ್ವಂತ ಪಕ್ಷದ ಮಂತ್ರಿಗೂ ‘ಮುಸ್ಲಿಂ ಸ್ಪೀಕರ್’.

ಹಾಗಾದರೆ ಇವರನ್ನು ಟೀಕಿಸಲೇಬಾರದಾ? ಧಾರಾಳವಾಗಿ ಟೀಕಿಸಿ. 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿ ವಕ್ಫ್ ಆಸ್ತಿ ಕಬಳಿಕೆಯ ಬಗ್ಗೆ ವರದಿ ಕೊಟ್ಟರು. ಅದರಲ್ಲಿ ಮುಸ್ಲಿಂ ರಾಜಕಾರಣಿಗಳ ಮೇಲೂ ಆರೋಪ ಇತ್ತು. ಆ ಆಸ್ತಿ ಹೋದರೆ ನಷ್ಟ ಬಡ ಮುಸ್ಲಿಮರಿಗೇ. ಇದನ್ನು ಎಷ್ಟು ಬೇಕಾದರೂ ಕೆದಕಿ ಕೇಳಿ. ವಸತಿ ಇಲಾಖೆಯ ಮನೆ ಯಾಕೆ ಮುಗಿದಿಲ್ಲ ಅಂತ ವಸತಿ ಸಚಿವರನ್ನು ಕೇಳಿ. ಕೆಲಸದ ಬಗ್ಗೆ ಕೇಳುವ ಕಟು ಪ್ರಶ್ನೆ ಒಂದು ಥರದ ಗೌರವವೇ. ನಾನು ಕೂತ ಪತ್ರಿಕಾಗೋಷ್ಠಿಗಳಲ್ಲಿ ಆ ಗೌರವ ಇವರಿಗೆ ಸಿಕ್ಕಿದ್ದು ಕಡಿಮೆ.

ಪಕ್ಷಗಳ ಕಥೆ ಇನ್ನೂ ಸಲೀಸು. ಬಿಜೆಪಿ 2023ರ ವಿಧಾನಸಭೆ ಚುನಾವಣೆಯಲ್ಲಿ 224 ಕ್ಷೇತ್ರಗಳಲ್ಲಿ ಒಬ್ಬ ಮುಸ್ಲಿಮರಿಗೂ ಟಿಕೆಟ್ ಕೊಡಲಿಲ್ಲ. ಮುಚ್ಚುಮರೆಯೂ ಇಲ್ಲ. 2020ರಲ್ಲಿ ಬೆಳಗಾವಿ ಲೋಕಸಭೆ ಉಪಚುನಾವಣೆಯ ಮಾತು ಬಂದಾಗ ಆಗಿನ ಸಚಿವ ಕೆ.ಎಸ್. ಈಶ್ವರಪ್ಪ, ಹಿಂದೂಗಳಲ್ಲಿ ಯಾವ ಜಾತಿಯವರಿಗಾದರೂ ಕೊಡ್ತೀವಿ, ಮುಸ್ಲಿಮರಿಗೆ ಮಾತ್ರ ಕೊಡಲ್ಲ ಅಂತ ಬಹಿರಂಗವಾಗಿಯೇ ಹೇಳಿದ್ದರು. ಕಾಂಗ್ರೆಸ್ಸಿನವರು ಹಾಗೆ ಹೇಳುವುದಿಲ್ಲ. ಅವರ ಆಫೀಸಿನಲ್ಲಿ ಟಿಕೆಟ್ ಹೊತ್ತಿಗೆ ಕೇಳಿಬರುವ ಮಾತು ಬೇರೆ: “ಒಳ್ಳೆ ಕ್ಯಾಂಡಿಡೇಟೇ, ಆದ್ರೆ ಇವರಿಗೆ ಕೊಟ್ರೆ ಆ ಕಡೆ ಓಟೆಲ್ಲ ಒಂದಾಗಿಬಿಡುತ್ತೆ. ಎಂಎಲ್‌ಸಿ ಮಾಡೋಣ ಬಿಡಿ.” ಅಂತೂ ಇಂತೂ 2023ರಲ್ಲಿ ಗೆದ್ದ ಮುಸ್ಲಿಂ ಶಾಸಕರು 9 ಮಂದಿ, ಎಲ್ಲರೂ ಕಾಂಗ್ರೆಸ್. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇ 13ರಷ್ಟಿದ್ದಾರೆ. ಮುಸ್ಲಿಮರು ಮುಸ್ಲಿಮರಿಗೆ ಮಾತ್ರ ವೋಟು ಹಾಕ್ತಾರೆ ಅನ್ನುವವರೂ ಇದ್ದಾರೆ; ಅದು ನಿಜವಾಗಿದ್ದರೆ ಅವರು ಬಹುಪಾಲು ಕ್ಷೇತ್ರಗಳಲ್ಲಿ ವೋಟೇ ಹಾಕದೆ ಮನೆಯಲ್ಲಿ ಕೂರಬೇಕಿತ್ತು.

ಮೊನ್ನೆ ಭಾವನಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, “ಸರಿಯಪ್ಪ, ಹಾಗಾದ್ರೆ ಕರ್ನಾಟಕಕ್ಕೆ ಮುಸ್ಲಿಂ ಸಿಎಂ ಯಾವಾಗ?” ಅಂದರು. ಸಿಎಂ ಆಮೇಲೆ ನೋಡೋಣ ಭಾವ, ಮೊದಲು ಲೋಕಸಭೆಗೆ ಒಬ್ಬ ಎಂಪಿ ಆಗಲಿ ಅಂದೆ. ಕರ್ನಾಟಕದಿಂದ ಮುಸ್ಲಿಂ ಒಬ್ಬರು ಲೋಕಸಭೆಗೆ ಗೆದ್ದಿದ್ದು 2004ರಲ್ಲೇ ಕೊನೆ, ಗುಲ್ಬರ್ಗದಲ್ಲಿ ಇಕ್ಬಾಲ್ ಅಹ್ಮದ್ ಸರಡಗಿ. 2024ರಲ್ಲಿ 28 ಕ್ಷೇತ್ರಗಳ ಪೈಕಿ ಕಾಂಗ್ರೆಸ್ ಮುಸ್ಲಿಮರಿಗೆ ಕೊಟ್ಟಿದ್ದು ಒಂದೇ ಒಂದು, ಬೆಂಗಳೂರು ಸೆಂಟ್ರಲ್. ಅದೂ 32 ಸಾವಿರ ಚಿಲ್ಲರೆ ವೋಟಲ್ಲಿ ಸೋತಿತು.