ಯುಗಾದಿಯ ದಿನ ನೋಡಿದ ಅಕ್ಕ-ತಂಗಿ

2022ರ ಯುಗಾದಿ. ಹೋಳಿಗೆ ಊಟ ಮುಗಿಸಿ ಅಮ್ಮ, ತಂಗಿ, ನಾನು ಚಾಪೆ ಹಾಸಿಕೊಂಡು ಒರಗಿದ್ದೆವು. ತಂಗಿ ಟೀವಿಯಲ್ಲಿ ಬ್ರಿಜರ್ಟನ್ ಅನ್ನುವ ಇಂಗ್ಲಿಷ್ ಧಾರಾವಾಹಿ ಹಾಕಿದಳು. ಎರಡನೇ ಸೀಸನ್ ಬಂದು ಒಂದು ವಾರ ಆಗಿತ್ತಷ್ಟೇ. 1814ರ ಲಂಡನ್ನಿನ ಕಥೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. "ಸುಮ್ನೆ ಹಾಕೇ, ಬಟ್ಟೆಬರೆ ಆದ್ರೂ ನೋಡ್ತೀನಿ" ಅಂದಳು.

ಸ್ವಲ್ಪ ಹೊತ್ತಿಗೆ ಅಮ್ಮ ಎದ್ದು ಕೂತಳು. ಟೀವಿಯಲ್ಲಿ ಒಬ್ಬ ಅಕ್ಕ ತನ್ನ ತಂಗಿಯ ತಲೆಗೆ ಎಣ್ಣೆ ಒತ್ತುತ್ತಿದ್ದಳು. ಅವತ್ತು ಬೆಳಿಗ್ಗೆ ತಾನೇ ನಾನು ನನ್ನ ತಂಗಿಯ ನೆತ್ತಿಗೆ ಹರಳೆಣ್ಣೆ ತಟ್ಟಿದ್ದೆ. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಅವಳ ಕಿವಿಯ ಹಿಂದೆ ಇನ್ನೂ ಜಿಡ್ಡಿತ್ತು. "ಇವರು ನಮ್ಮ ಕಡೆಯವರೇನೇ?" ಅಂತ ಅಮ್ಮ ಕೇಳಿದಳು. ಆ ಹುಡುಗಿಯರು ತೀರಿಹೋದ ತಂದೆಯನ್ನು ಕರೆಯುವುದೂ "ಅಪ್ಪ" ಅಂತಲೇ. ಹೆಸರು ಶರ್ಮಾ, ಅಕ್ಕನಿಗೆ "ದೀದಿ", ತಂಗಿಗೆ ಬಂಗಾಳಿಯ "ಬೋನ್". ಇದು ಯಾವ ಊರಿನ ಮನೆ ಅಂತ ನನ್ನ ತಂಗಿಗೆ ಸಿಟ್ಟು ಬಂತು. ಅವಳ ಸಿಟ್ಟು ಸರಿಯೇ. ಆದರೂ ಲಂಡನ್ನಿನ ದಿವಾನಖಾನೆಯಲ್ಲಿ ಆ "ಅಪ್ಪ" ಕೇಳಿದಾಗ ನನಗೆ ಗಂಟಲು ಕಟ್ಟಿತು. ನಮ್ಮ ಅಪ್ಪ ಹೋದಾಗ ತಂಗಿ ಇನ್ನೂ ಹೈಸ್ಕೂಲಿನಲ್ಲಿದ್ದಳು.

ಮೂಲ ಕಾದಂಬರಿಯಲ್ಲಿ ಈ ಅಕ್ಕ ಕೇಟ್ ಶೆಫೀಲ್ಡ್ ಎಂಬ ಇಂಗ್ಲಿಷ್ ಹುಡುಗಿ. ಟೀವಿಗೆ ಬರುವಾಗ ಕೇಟ್ ಶರ್ಮಾ ಆದಳು. ಪಾತ್ರ ಮಾಡಿದ ಸಿಮೋನ್ ಆಶ್ಲಿ ತಮಿಳು ಮೂಲದವರು. ಅವರದು ನನ್ನದೇ ಬಣ್ಣ. ಅದನ್ನು ತಿಳಿ ಮಾಡಲು ಯಾರೂ ಹೋಗಿಲ್ಲ. ಕಪ್ಪು ತೋಳು, ಕಪ್ಪು ಕುತ್ತಿಗೆ, ಅದರ ಮೇಲೆ ದೀಪದ ಬೆಳಕು. ಒಬ್ಬ ಗಂಡಸು ಅದನ್ನು ಕಣ್ಣು ಕೀಳದೆ ನೋಡುತ್ತಾನೆ. ಇಷ್ಟು ವರ್ಷ ನಾನು ನೋಡಿದ ಪ್ರೇಮಕಥೆಗಳಲ್ಲಿ ಈ ಬಣ್ಣದವಳು ನಾಯಕಿಯ ಗೆಳತಿ ಆಗಿದ್ದೇ ಜಾಸ್ತಿ.

ರಾತ್ರಿ ಊಟಕ್ಕೆ ನಿಲ್ಲಿಸಿದೆವು. ನಾನು ಸಮಾಜ ಪಾಠ ಮಾಡುವವಳು, 1814 ಅನ್ನುವ ಇಸವಿ ತಲೆಯಿಂದ ಹೋಗಿರಲಿಲ್ಲ. ನಮ್ಮ ಮೈಸೂರಿನ ಪಕ್ಕದ ಶ್ರೀರಂಗಪಟ್ಟಣ ಬಿದ್ದಿದ್ದು 1799ರಲ್ಲಿ. ಅಲ್ಲಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ 1808ರಿಂದಲೇ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಪ್ರದರ್ಶನಕ್ಕಿತ್ತು. ಕೇಟ್ ಕುಣಿಯುವ ಊರಿನಲ್ಲೇ! ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಿತ್ತು, ನಿಜ. ಆದರೆ ಗುಲಾಮಗಿರಿಯನ್ನೇ ತೆಗೆಯುವ ಕಾನೂನು ಬಂದಿದ್ದು 1833ರಲ್ಲಿ, ಈ ಕಥೆಯ ಕಾಲ ಕಳೆದ ಮೇಲೆ.

ಅಮ್ಮನಿಗೆ ಹೈದರಾಬಾದಿನ ನಿಜವಾದ ಕೇಟ್ ಕಥೆ ಹೇಳಿದೆ. ಅಲ್ಲಿನ ಬ್ರಿಟಿಷ್ ರೆಸಿಡೆಂಟ್, ಅಂದರೆ ನಿಜಾಮನ ಆಸ್ಥಾನದಲ್ಲಿದ್ದ ಕಂಪನಿಯ ಪ್ರತಿನಿಧಿ, ಜೇಮ್ಸ್ ಕರ್ಕ್‌ಪ್ಯಾಟ್ರಿಕ್, ಖೈರುನ್ನೀಸಾ ಎಂಬ ದೊಡ್ಡ ಮನೆತನದ ಹುಡುಗಿಯನ್ನು ಪ್ರೀತಿಸಿ ಮದುವೆಯಾದ. 1805ರಲ್ಲಿ ಅವರ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಸಾಹಿಬ್ ಬೇಗಂ ಆಗಿದ್ದ ಮೂರು ವರ್ಷದ ಹುಡುಗಿ ಅಲ್ಲಿ ಕ್ಯಾಥರೀನ್ ಆದಳು, ಕಿಟ್ಟಿ ಆದಳು. ಅದೇ ವರ್ಷ ತಂದೆ ತೀರಿಕೊಂಡ. "ತಾಯಿ ಮತ್ತೆ ನೋಡಿದ್ಲಾ ಮಗೂನ?" ಅಂದಳು ಅಮ್ಮ. ಇಲ್ಲ. 1813ರಲ್ಲಿ ಖೈರುನ್ನೀಸಾ ಸತ್ತಳು. ಅಮ್ಮ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಹಾಗೇ ಕೂತಳು.

ಊಟ ಆದಮೇಲೆ ಆರನೇ ಎಪಿಸೋಡ್. ವೈಕೌಂಟ್ ಅನ್ನುವ ಬಿರುದಿನ ಶ್ರೀಮಂತ ಆಂಟನಿ ಮೆಚ್ಚಿದ್ದು ಅಕ್ಕನನ್ನು, ಮದುವೆ ಗೊತ್ತಾಗಿದ್ದು ತಂಗಿ ಎಡ್ವೀನಾ ಜೊತೆ. ಮದುಮಗಳ ಕೈಗೆ ಕೆನ್ನೆಗೆ ಅರಿಶಿನ ಹಚ್ಚುತ್ತಾರೆ. ಅಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅಲ್ಲೊಂದು ಮಾತು ನನಗೆ ಹೊಳೆಯಿತು. ಬಣ್ಣದ ಅಡ್ಡಿಯೇ ಇಲ್ಲದ ಲಂಡನ್ನನ್ನು ಇವರು ಕಲ್ಪಿಸಿಕೊಂಡರು. ರಾಣಿಯೇ ಕಪ್ಪು. ಆದರೆ ಇಪ್ಪತ್ತಾರು ಆದ ಹೆಣ್ಣಿಗೆ ವಯಸ್ಸು ಮೀರಿಲ್ಲ ಅನ್ನುವ ಊರನ್ನು ಕಲ್ಪಿಸಿಕೊಳ್ಳಲು ಇವರಿಗೂ ಆಗಲಿಲ್ಲ. ಕೇಟ್ ತನ್ನನ್ನು ಲೆಕ್ಕದಿಂದ ತೆಗೆದುಬಿಟ್ಟಿರುತ್ತಾಳೆ. ತಂಗಿಗೊಂದು ಮದುವೆ ಮಾಡಿ, ಊರಿಗೆ ವಾಪಸ್ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಂಡಿರುವುದು ಅವಳ ಯೋಚನೆ. ಇದನ್ನು ಅವರು ಇನ್ನೂರು ವರ್ಷದ ಹಿಂದಿನ ಕಥೆ ಅಂತ ತೋರಿಸುತ್ತಿದ್ದರು. ನನಗೆ ಅದನ್ನು ಹಾಗೆ ನೋಡಲು ಆಗಲಿಲ್ಲ.

ನನಗೂ ಇಪ್ಪತ್ತಾರು ಆಗಿದ್ದಾಗ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ನಾನು ಉಪ್ಪಿಟ್ಟು-ಕೇಸರಿಬಾತು ಕೊಟ್ಟು ಕೂತೆ. ಕಾಫಿ ಲೋಟಗಳ ತಟ್ಟೆ ಹಿಡಿದು ತಂಗಿ ಬಂದಳು. ಎರಡು ದಿನ ಬಿಟ್ಟು ಫೋನ್ ಬಂತು: "ದೊಡ್ಡವಳು ಬಣ್ಣ ಸ್ವಲ್ಪ ಕಮ್ಮಿ. ಚಿಕ್ಕವಳನ್ನ ಕೊಡೋದಾದ್ರೆ ಮಾತಾಡೋಣ." ಅಮ್ಮ ಆಗಲ್ಲ ಅಂದಳು. ಆಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಟೀವಿಯಲ್ಲಿ ಮದುವೆ ನಡೆಯುತ್ತಿರುವಾಗ ಕೇಟ್ ಕೈಯಿಂದ ಬಳೆ ಜಾರಿ ಬೀಳುತ್ತದೆ. ಮದುಮಗನೇ ಬಗ್ಗಿ ಎತ್ತಿಕೊಡುತ್ತಾನೆ. ಆ ಇಬ್ಬರ ಮುಖ ನೋಡಿ ಎಡ್ವೀನಾಗೆ ಎಲ್ಲ ತಿಳಿದುಹೋಗುತ್ತದೆ.

ತಂಗಿ ರಿಮೋಟ್ ಒತ್ತಿ ನಿಲ್ಲಿಸಿದಳು. ಅಮ್ಮನಿಗೆ ನಿದ್ದೆ ಹತ್ತಿತ್ತು.

"ಅಕ್ಕಾ, ಅವತ್ತು ನಾನು ಕಾಫಿ ತರಬಾರದಿತ್ತು, ಅಲ್ವಾ?"

"ನಾನೇ ಅಲ್ವೇನೇ ತರೋಕೆ ಹೇಳಿದ್ದು" ಅಂದೆ. ಅವಳು ಹತ್ತಿರ ಸರಿದು ನನ್ನ ಭುಜಕ್ಕೆ ತಲೆ ಇಟ್ಟಳು. ಕೂದಲು ಇನ್ನೂ ಸೀಗೆಕಾಯಿ ವಾಸನೆ ಹೊಡೆಯುತ್ತಿತ್ತು.