ನಿಮ್ಮ ಮಂಡ್ಯದವರು ಮಾತೆತ್ತಿದರೆ ರಸ್ತೆಗೆ ಯಾಕೆ ಕೂರ್ತಾರೆ?

ಮಳೆ ಕೈಕೊಟ್ಟ ವರ್ಷ ಈ ಪ್ರಶ್ನೆ ನನಗೆ ತಪ್ಪದೆ ಬರುತ್ತದೆ. ಕೇಳುವವರು ಹೆಚ್ಚಾಗಿ ಬೆಂಗಳೂರಿನ ಗೆಳೆಯರು. ಮೈಸೂರಿಗೆ ಹೊರಟವರು ಮದ್ದೂರಿನ ಹತ್ತಿರ ಎರಡು ಗಂಟೆ ಸಿಕ್ಕಿಹಾಕಿಕೊಂಡಿರುತ್ತಾರೆ. ಕಾರಿನಿಂದಲೇ ಫೋನ್. "ಏನ್ರೀ ಮೇಷ್ಟ್ರೇ, ನೀವು ಇತಿಹಾಸ ಹೇಳಿಕೊಡೋರು, ಮೇಲಾಗಿ ಮಂಡ್ಯದವರು. ನಿಮ್ಮವರು ಯಾಕೆ ಹಿಂಗೆ? ತಮಿಳುನಾಡಿಗೆ ಕಾವೇರಿ ನೀರು ಬಿಡಿ ಅಂತ ಕೋರ್ಟ್ ಹೇಳಿದ ಮೇಲೆ ಮುಗೀತಲ್ವಾ?"

ಉತ್ತರವೂ ಅವರ ಹತ್ತಿರ ರೆಡಿ ಇರುತ್ತದೆ. ಮಂಡ್ಯದವರು ದುಡುಕಿನವರು, ರಾಜಕೀಯದವರು ಕುಣಿಸಿದ ಹಾಗೆ ಕುಣಿಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಒಂದು ಸೀಮೆಯ ಜನ ತಲೆಮಾರುಗಟ್ಟಲೆ ಒಂದೇ ವಿಷಯಕ್ಕೆ ಸಿಟ್ಟಾಗುತ್ತಿದ್ದರೆ, 'ಅವರ ಸ್ವಭಾವವೇ ಹಂಗೆ' ಅಂತ ಕೈತೊಳೆದುಕೊಳ್ಳುವುದು ಸೋಮಾರಿತನ. ಯಾರು, ಯಾವಾಗ, ಯಾರನ್ನು ಕೇಳಿ ಏನು ತೀರ್ಮಾನ ಮಾಡಿದರು ಅಂತ ಹುಡುಕಬೇಕು. ಇತಿಹಾಸ ಓದಿ ನಾನು ಕಲಿತದ್ದು ಹೆಚ್ಚು ಕಡಿಮೆ ಇಷ್ಟೇ.

ನಮ್ಮ ದೊಡ್ಡಪ್ಪನಿಂದ ಶುರು ಮಾಡುತ್ತೇನೆ. ಪೇಪರ್ ಬಂದರೆ ಅವರು ಮೊದಲು ನೋಡುವುದು ಮೂಲೆಯಲ್ಲಿರುವ ಸಣ್ಣ ಚೌಕ. ಕೆಆರ್‌ಎಸ್ (ಅಂದರೆ ನಮ್ಮ ಕನ್ನಂಬಾಡಿ ಕಟ್ಟೆ) ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಸರ್ಕಾರ ಬಿದ್ದ ಸುದ್ದಿ ಇದ್ದರೂ ಅದು ಆಮೇಲೆ. ನಮ್ಮ ಗದ್ದೆ ನಾಲೆಯ ಕಡೆ ಭಾಗದಲ್ಲಿದೆ. ತೂಬಿನಿಂದ ಬಿಟ್ಟ ನೀರು ಮೇಲಿನವರ ಗದ್ದೆಗಳೆಲ್ಲ ಕುಡಿದು ಮಿಕ್ಕರೆ ನಮಗೆ. 2023ರ ಸೆಪ್ಟೆಂಬರ್‌ನಲ್ಲಿ ನಾನು ಊರಿಗೆ ಹೋದಾಗ ಕಟ್ಟು ನೀರು ನಡೆಯುತ್ತಿತ್ತು. ಅಂದರೆ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಾಲೆಯ ನೀರು ಹಂಚುವ ನೀರುಗಂಟಿ ಎರಡು ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ದೊಡ್ಡಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಎಳೆ ತೆನೆ ಎಳೆದು, ಕಾಳನ್ನು ಉಗುರಿನಿಂದ ಒತ್ತಿ ತೋರಿಸಿದರು. ಹಾಲು ಬರಬೇಕಿತ್ತು. ಜೊಳ್ಳು.

"ಅಲ್ಲ ಕಣ್ ಮಗಾ, ಕಟ್ಟೆ ನಮ್ದು. ನೀರ್ ಬಿಡ್ಲಾ ಅಂತ ಕೇಳೋದು ಮಾತ್ರ ಇನ್ಯಾರನ್ನೋ."

ಈ 'ಕೇಳೋದು' ಇದೆಯಲ್ಲ, ಅದಕ್ಕೆ ಒಂದು ತಾರೀಖಿದೆ. 1892ರ ಫೆಬ್ರವರಿ 18. ಅವತ್ತು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರೆಸಿಡೆನ್ಸಿ ನಡುವೆ ಒಪ್ಪಂದ ಆಯಿತು. ಪಟ್ಟಿಯಲ್ಲಿರುವ ನದಿಗಳಿಗೆ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮೊದಲು ಮದ್ರಾಸಿನ ಒಪ್ಪಿಗೆ ಬೇಕು. ಆಗಿನ ಲೆಕ್ಕ ನೋಡಿ. 1831ರಲ್ಲಿ ಬ್ರಿಟಿಷರು ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದರು. ವಾಪಸ್ ಕೊಟ್ಟಿದ್ದು 1881ರಲ್ಲಿ. ಅಂದರೆ ರಾಜ್ಯ ಮರಳಿ ಸಿಕ್ಕು ಹನ್ನೊಂದು ವರ್ಷ ಅಷ್ಟೇ. ಎದುರಿಗೆ ಕೂತ ಮದ್ರಾಸು ಖುದ್ದು ಬ್ರಿಟಿಷರದ್ದು. ಮೈಸೂರಿನವರು ಎಷ್ಟು ಜೋರಾಗಿ ಮಾತಾಡಿರಬಹುದು ಅಂತ ನೀವೇ ಯೋಚಿಸಿ.

1910ರ ಹೊತ್ತಿಗೆ ವಿಶ್ವೇಶ್ವರಯ್ಯ ಮೈಸೂರಿನ ಚೀಫ್ ಎಂಜಿನಿಯರ್. ಕನ್ನಂಬಾಡಿಯಲ್ಲಿ 41.5 ಟಿಎಂಸಿಯ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಕಟ್ಟೆಗೆ ಮೈಸೂರು ಒಪ್ಪಿಗೆ ಕೇಳಿತು. ಮದ್ರಾಸಿಗೆ ಹೊಳೆಯ ಕೆಳಗೆ, ಈಗಿನ ತಮಿಳುನಾಡಿನ ಮೆಟ್ಟೂರಿನಲ್ಲಿ ತನ್ನದೇ ಕಟ್ಟೆಯ ಯೋಚನೆ ಇತ್ತು. ಎಳೆದಾಡಿ ಕೊನೆಗೆ ಸಿಕ್ಕಿದ್ದು 11 ಟಿಎಂಸಿಗೆ ಒಪ್ಪಿಗೆ. ಮೈಸೂರು 'ಆಯ್ತು' ಅಂತು. ಆದರೆ ಅಡಿಪಾಯ ಹಾಕುವಾಗ ದೊಡ್ಡ ಕಟ್ಟೆಗೆ ಆಗುವ ಹಾಗೆಯೇ ಹಾಕಿತು! ನಮ್ಮೂರ ಜಗಲಿಗಳಲ್ಲಿ ಈ ಭಾಗ ಬಂದಾಗ ಹೇಳುವವರ ಮುಖದಲ್ಲಿ ಒಂದು ನಗು ಕಾಣುತ್ತದೆ. ಪಾಠ ಮಾಡುವಾಗ ನನಗೂ ಬರುತ್ತದೆ, ತಡೆದುಕೊಳ್ಳುತ್ತೇನೆ.

ಮದ್ರಾಸು ಬಿಡುತ್ತದೆಯೇ? ಪಂಚಾಯ್ತಿ ಆಯಿತು. ಗ್ರಿಫಿನ್ ಅನ್ನುವವರು 1914ರಲ್ಲಿ ಕೊಟ್ಟ ತೀರ್ಪು ಮೈಸೂರಿನ ಕಡೆ ವಾಲಿತ್ತು. ಮದ್ರಾಸು ಅದನ್ನು ಒಪ್ಪದೆ ಲಂಡನ್ ತನಕ ಒಯ್ದಿತು. ಕೊನೆಗೆ 1924ರಲ್ಲಿ ಇನ್ನೊಂದು ಒಪ್ಪಂದ. ಅದೂ ಫೆಬ್ರವರಿ 18ಕ್ಕೇ. ಮೈಸೂರಿಗೆ ಪೂರ್ತಿ ಎತ್ತರದ ಕನ್ನಂಬಾಡಿ, ಮದ್ರಾಸಿಗೆ ಅದರ ಎರಡರಷ್ಟು ದೊಡ್ಡ ಮೆಟ್ಟೂರು. ಐವತ್ತು ವರ್ಷ ಆದ ಮೇಲೆ ಕೆಲವು ಅಂಶಗಳನ್ನು ಮತ್ತೆ ಕೂತು ನೋಡೋಣ ಅನ್ನುವ ಮಾತೂ ಅದರಲ್ಲಿತ್ತು.

ಮಹಾರಾಣಿಯವರ ಒಡವೆ ಮಾರಿ ಕಟ್ಟೆ ಕಟ್ಟಿದರು ಅನ್ನುವ ಮಾತು ಮಂಡ್ಯದ ಮನೆಮನೆಯಲ್ಲಿದೆ. ದೇವರ ಫೋಟೋ ಪಕ್ಕ ವಿಶ್ವೇಶ್ವರಯ್ಯನವರ ಪೇಟದ ಫೋಟೋ ಇರುವ ಮನೆಗಳೂ ಬೇಕಾದಷ್ಟಿವೆ. ವಿದ್ಯಾರ್ಥಿಗಳು ಒಡವೆಯ ಕಥೆ ಬರೆದರೆ ನಾನು ದಾಖಲೆ ಕೇಳುತ್ತೇನೆ, ಅದು ನನ್ನ ಕೆಲಸ. ಆದರೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ತಿಳಿಯಬೇಕಾದರೆ ದಾಖಲೆಯಷ್ಟೇ ಆ ಕಥೆಯೂ ಮುಖ್ಯ. 'ರಾಣಿ ಮೈಮೇಲಿನ ಚಿನ್ನ ಬಿಚ್ಚಿಕೊಟ್ಟ ಕಟ್ಟೆ' ಅಂತ ನಂಬಿದವನು ಆ ಕಟ್ಟೆಯ ನೀರನ್ನು ಬರೀ ಟಿಎಂಸಿ ಲೆಕ್ಕದಲ್ಲಿ ನೋಡುವುದಿಲ್ಲ. ಜಗಲಿಯ ಕಥೆಯಲ್ಲಿ ಬಾರದ ಸಂಗತಿಗಳೂ ಇವೆ. ಕಟ್ಟೆ ಬೇಕಾಗಿದ್ದಕ್ಕೆ ಒಂದು ದೊಡ್ಡ ಕಾರಣ ಕೋಲಾರದ ಚಿನ್ನದ ಗಣಿ. 1902ರಿಂದ ಶಿವನಸಮುದ್ರದ ಕರೆಂಟು ಗಣಿಗೆ ಹೋಗುತ್ತಿತ್ತು, ಬೇಸಿಗೆಯಲ್ಲೂ ಹೊಳೆಯಲ್ಲಿ ನೀರಿರಬೇಕಿತ್ತು. ಹಳೇ ಕನ್ನಂಬಾಡಿ ಊರೇ ನೀರಲ್ಲಿ ಮುಳುಗಿತು. ಅಲ್ಲಿಂದ ಎದ್ದು ಹೋದವರ ಮಾತು ರಸ್ತೆ ತಡೆಯ ಭಾಷಣಗಳಲ್ಲಿ ನಾನು ಒಂದು ಸಲವೂ ಕೇಳಿಲ್ಲ.

ಆಮೇಲಿನದು ಬೆಳೆಯ ವಿಷಯ. ಚಿಕ್ಕದೇವರಾಯ ನಾಲೆಯಂಥ ಹಳೆಯ ನಾಲೆಗಳ ಆಸುಪಾಸು ಬಿಟ್ಟರೆ ಈ ಸೀಮೆ ಮಳೆ ನಂಬಿದ ರಾಗಿ ಹೊಲ. ಇರ್ವಿನ್ ನಾಲೆ ಬಂತು, ಈಗ ಅದನ್ನೇ ವಿ.ಸಿ. ನಾಲೆ ಅನ್ನುತ್ತೇವೆ. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಒಂದು ಜಿಲ್ಲೆಯೇ ನಾಲೆಯ ಬೆನ್ನಿಗೆ ಹುಟ್ಟಿತು ಅನ್ನಬಹುದು. ಕಾರ್ಖಾನೆಗೆ ಕಬ್ಬು ಬೇಕು, ಸರ್ಕಾರವೇ ಬೆಳೆಯಿರಿ ಅಂತು, ಬೆಳೆದರು. ಊರೂರಿಗೆ ಆಲೆಮನೆ ಬಂದವು, ಸಾಲವೂ ಬಂತು. ಈಗ ಟೀವಿಯಲ್ಲಿ ಕೂತವರು 'ಬರದ ವರ್ಷ ಕಬ್ಬು, ಭತ್ತ ಯಾಕೆ ಹಾಕ್ತೀರಿ' ಅಂತ ಸುಲಭವಾಗಿ ಕೇಳುತ್ತಾರೆ. ಕಬ್ಬು ಒಂದು ವರ್ಷದ ಬೆಳೆ. ನಾಟಿ ಮಾಡುವಾಗ ಮುಂದಿನ ಮಳೆ ಯಾರಿಗೆ ಗೊತ್ತು?

ರಸ್ತೆ ತಡೆಯ ತಿಂಗಳು ನೋಡಿದರೂ ಇದೇ ಸಿಗುತ್ತದೆ. 2002, 2016, 2023, ಮೂರರಲ್ಲೂ ಗಲಾಟೆ ಕಾವೇರಿದ್ದು ಸೆಪ್ಟೆಂಬರ್ ಹೊತ್ತಿಗೆ. ಮುಂಗಾರು ಮುಗಿಯುತ್ತಾ ಬಂದಿರುತ್ತದೆ, ಕಟ್ಟೆ ತುಂಬಿರುವುದಿಲ್ಲ, ಗದ್ದೆಯಲ್ಲಿ ಪೈರು ನಿಂತಿರುತ್ತದೆ. ಆಗಲೇ 'ಕೆಳಗೆ ನೀರು ಬಿಡಿ' ಅನ್ನುವ ಆದೇಶ ಬರುತ್ತದೆ. ಕಟ್ಟೆ ತುಂಬಿ ತುಳುಕಿದ ವರ್ಷ ಕಾವೇರಿ ಹೋರಾಟ ಅಂದರೆ ನಾಲ್ಕು ಜನ ಸೇರುವುದಿಲ್ಲ. ಹೆದ್ದಾರಿಗೆ ಇಳಿಯುವುದೂ ಹೊಸದಲ್ಲ ಬಿಡಿ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದ ಶಿವಪುರ ಇರುವುದೂ ಮದ್ದೂರಿನ ಅದೇ ರಸ್ತೆಯ ಪಕ್ಕ. 2002ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರೇ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಅವರೂ ಮದ್ದೂರು ತಾಲೂಕಿನವರು.

ಇಷ್ಟು ಹೇಳಿದ ಮೇಲೆ ಗೆಳೆಯರು ಸಾಮಾನ್ಯವಾಗಿ ಕೇಳುವುದು: "ಹಂಗಾದ್ರೆ 1991, 2016ರಲ್ಲಿ ಬೆಂಗಳೂರಿಗೆ ಬಿದ್ದ ಬೆಂಕಿಯನ್ನೂ ಸಮರ್ಥಿಸ್ತೀರಾ?"

ಇಲ್ಲ. ಇಲ್ಲೇ ಎರಡು ಬೇರೆ ಬೇರೆ ವಿಷಯ ಕಲಸಿಹೋಗುತ್ತವೆ. 1924ರ ಒಪ್ಪಂದಕ್ಕೆ 1974ರಲ್ಲಿ ಐವತ್ತು ವರ್ಷ ಆಯಿತು, ಮಾತುಕತೆ ಹತ್ತಲಿಲ್ಲ. ಅಷ್ಟರಲ್ಲಿ ಕರ್ನಾಟಕ ದಿಲ್ಲಿಯ ಒಪ್ಪಿಗೆಗೆ ಕಾಯದೆ ತನ್ನ ದುಡ್ಡಲ್ಲೇ ಹಾರಂಗಿ, ಹೇಮಾವತಿ, ಕಬಿನಿ ಕಟ್ಟೆಗಳ ಕೆಲಸ ಹಿಡಿದಿತ್ತು. ಹಳೇ ಅಡಿಪಾಯದ ಬುದ್ಧಿ! 1990ರಲ್ಲಿ ಕಾವೇರಿ ನೀರು ಹಂಚಲು ನ್ಯಾಯಮಂಡಳಿ ಬಂತು. 1991ರ ಜೂನ್‌ನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ. ಮುಖ್ಯಮಂತ್ರಿ ಬಂಗಾರಪ್ಪ ಅದಕ್ಕೆ ಅಡ್ಡವಾಗಿ ಸುಗ್ರೀವಾಜ್ಞೆ ತಂದರು, ಸುಪ್ರೀಂ ಕೋರ್ಟ್ ಅದು ನಿಲ್ಲುವುದಿಲ್ಲ ಅಂತು. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ನಲ್ಲಿ ಬಂದ ಬೆನ್ನಿಗೇ ಬೆಂಗಳೂರು ಹತ್ತಿ ಉರಿಯಿತು. ಏಟು ತಿಂದವರು ಯಾರು? ಹೆಚ್ಚಾಗಿ ಕೂಲಿ ಮಾಡಿಕೊಂಡಿದ್ದ ತಮಿಳರು. ಅವರಲ್ಲಿ ಯಾರ ಹತ್ತಿರವೂ ಕನ್ನಂಬಾಡಿಯ ಕೀಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಬೆಂಕಿ ಹಚ್ಚಿದವರಿಗೆ ಒಣಗುವ ಗದ್ದೆ ಇರಲಿಲ್ಲ. ಅವರ ಸಿಟ್ಟಿಗೆ ಬೇರೆಯೇ ಇತಿಹಾಸ ಇದೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟಿದರು. ಮದ್ರಾಸಿನ ಪಟಾಲಮ್ಮಿನ ಜೊತೆ ತಮಿಳರು ಬಂದರು. ಪೇಟೆ ಒಂದು ಊರು, ದಂಡು ಇನ್ನೊಂದು ಊರು. ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. 'ನಮ್ಮ ರಾಜಧಾನಿಯಲ್ಲಿ ನಮ್ಮ ಭಾಷೆ ಎಲ್ಲಿ' ಅನ್ನುವ ಕೊರಗು, ಕೆಲಸದ ಚಿಂತೆ, 1982ರ ಗೋಕಾಕ್ ಚಳವಳಿ, ಎಲ್ಲ ಸೇರಿ ಒಣಹುಲ್ಲಿನ ಬಣವೆ ಆಗಿತ್ತು. ಕಾವೇರಿ ಕಡ್ಡಿ ಗೀರಿತು ಅಷ್ಟೇ. ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ ಪ್ರತಿಮೆ 1991ರಿಂದ 2009ರವರೆಗೆ ಹದಿನೆಂಟು ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. ಎರಡು ಸಾಲಿನ ಪದ್ಯ ಬರೆದ ಕವಿಗೂ ನಾಲೆಯ ನೀರಿಗೂ ಏನು ಸಂಬಂಧ? ಮಂಡ್ಯದ ರೈತನ ನೋವನ್ನು ಹೇಳಿ ಬೆಂಗಳೂರಿನ ಹಲ್ಲೆಯನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾರಣ ಹೇಳುವುದು ಬೇರೆ, ಮಾಫಿ ಮಾಡುವುದು ಬೇರೆ.

ಅಂದಹಾಗೆ, ಫೋನ್ ಮಾಡುವ ಗೆಳೆಯರ ಮನೆ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ. ಅದು ಮಳವಳ್ಳಿ ತಾಲೂಕು, ಮಂಡ್ಯ ಜಿಲ್ಲೆ. ಮೊದಲ ಹಂತ ಶುರುವಾಗಿದ್ದು 1974ರಲ್ಲಿ. ಇದನ್ನು ಹೇಳಿದರೆ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ಇನ್ನು ಕೋರ್ಟಿನ ಮಾತು. ಬ್ರಿಟಿಷರ ಕಾಲದಲ್ಲಿ ಕತ್ತು ಹಿಸುಕಿ ಮಾಡಿಸಿದ ಒಪ್ಪಂದ ಅನ್ನುವ ನಮ್ಮ ವಾದವನ್ನು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1924ರ ಒಪ್ಪಂದ ಐವತ್ತು ವರ್ಷಕ್ಕೆ ಮುಗಿಯಿತು ಅಂತ ಮಾತ್ರ ಹೇಳಿತು. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಜಾಸ್ತಿ ಮಾಡಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿಗೆ ಬಿಡಬೇಕಾದದ್ದು, ನ್ಯಾಯಮಂಡಳಿಯ ಅಂತಿಮ ತೀರ್ಪು ಹೇಳಿದ್ದ 192ರಿಂದ 177.25ಕ್ಕೆ ಇಳಿಯಿತು. ಲೆಕ್ಕದಲ್ಲಿ ನಮಗೆ ಲಾಭವೇ. ಆದರೆ ಮಳೆ ಕಮ್ಮಿಯಾದ ವರ್ಷ ಎಷ್ಟು ಬಿಡಬೇಕು ಅನ್ನುವ ಸಂಕಷ್ಟ ಸೂತ್ರಕ್ಕೆ ಎರಡೂ ಕಡೆ ಒಪ್ಪಿಗೆ ಆಗಿಲ್ಲ. 2023ರಲ್ಲಿ ದೊಡ್ಡಪ್ಪನ ಕಾಳು ಜೊಳ್ಳಾಗಿದ್ದು ಅಂಥ ವರ್ಷದಲ್ಲೇ.

ಈ ಕಥೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರ ಮೇಲೆ ಯಾರು ಅನ್ಯಾಯಕ್ಕೆ ಒಳಗಾದವರು ಅನ್ನುವುದು ಬದಲಾಗುತ್ತದೆ. ನಾವು 1892ರಿಂದ ಶುರು ಮಾಡುತ್ತೇವೆ. ತಂಜಾವೂರಿನವರು ಕರಿಕಾಲ ಚೋಳ ಕಟ್ಟಿಸಿದ ಅಂತ ಹೇಳುವ ಕಲ್ಲಣೆ ಅನ್ನುವ ಹಳೇ ಅಣೆಕಟ್ಟಿನಿಂದ. ಕೊಡಗಿನವರನ್ನು ಕೇಳಿದರೆ ತಲಕಾವೇರಿಯಿಂದ. 1924ರಲ್ಲಿ ಕೊಡಗನ್ನು ಯಾರೂ ಕರೆದೂ ಇರಲಿಲ್ಲ.

ಕೆಲವು ವರ್ಷದ ಹಿಂದೆ ಕಲ್ಲಣೆ ನೋಡಲು ಹೋಗಿದ್ದೆ. ಪಕ್ಕದ ಟೀ ಅಂಗಡಿಯಲ್ಲಿ ಪಂಚೆ ಉಟ್ಟ ಮುದುಕರೊಬ್ಬರು ಪೇಪರ್ ಹಿಡಿದಿದ್ದರು. ತಮಿಳು ಓದಲು ನನಗೆ ಬರುವುದಿಲ್ಲ, ಆದರೆ ಅವರ ಬೆರಳು ನಿಂತ ಜಾಗದಲ್ಲಿ 120 ಅನ್ನುವ ಅಂಕಿ ಕಂಡಿತು. ಮೆಟ್ಟೂರಿನ ಪೂರ್ಣ ಮಟ್ಟ. ಜೂನ್ 12ಕ್ಕೆ ಅಲ್ಲಿಂದ ನೀರು ಬಿಟ್ಟರೆ ಅವರ ಕುರುವೈ ಭತ್ತ. ಬಿಡದಿದ್ದರೆ ಅವರೂ ರಸ್ತೆಗೆ.

ಊರಿಗೆ ಬಂದು ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಸುಮ್ನೆ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಈಗ ಮಳೆಗಾಲದಲ್ಲಿ ಫೋನ್ ಮಾಡಿದರೆ ಕನ್ನಂಬಾಡಿಯ ಮಟ್ಟ ಅವರೇ ಹೇಳುತ್ತಾರೆ. ಆಮೇಲೆ ಕೇಳುತ್ತಾರೆ: "ಮೆಟ್ಟೂರಲ್ಲಿ ಎಷ್ಟಿದ್ದದಂತೆ, ನೋಡಿದ್ಯಾ?"