ಬಿಸಾಕೋ ಕ್ಯಾಮೆರಾಗೆ ಇನ್ನೊಂದು ರೀಲು

ಅಕ್ಕನ ಮಗ ಅಮೆರಿಕದಿಂದ ಬರುವಾಗ ಒಂದು ಕೊಡ್ಯಾಕ್ ಫನ್‌ಸೇವರ್ ತಂದಿದ್ದ. ಹೊರಗೆ ಹಳದಿ ರಟ್ಟು, ಒಳಗೆ ಕರಿ ಪ್ಲಾಸ್ಟಿಕ್ ಡಬ್ಬಿ, 27 ಫೋಟೋ. ತೆಗೆದು ಮುಗಿದ ಮೇಲೆ ಕ್ಯಾಮೆರಾನೇ ಲ್ಯಾಬಿಗೆ ಕೊಟ್ಟುಬಿಡಬೇಕು. ಫೋಟೋ ನಮಗೆ, ಡಬ್ಬಿ ಅವರಿಗೆ. ತಂಗಿಯ ಆರತಕ್ಷತೆ ದಿನ ಅದು ಛತ್ರದಲ್ಲಿ ಕೈಯಿಂದ ಕೈಗೆ ಓಡಾಡಿತು. ಅದರ ಫ್ಲ್ಯಾಶು ಹತ್ತು ಹನ್ನೊಂದು ಅಡಿ ದಾಟಿದರೆ ಸೋತುಹೋಗುತ್ತದೆ ಅಂತ ನೆಂಟರಿಗೆ ಹೇಳುವವರು ಯಾರು? ಕೊನೇ ಸಾಲಿನ ಕುರ್ಚಿಯಿಂದ ಸ್ಟೇಜಿಗೆ ಗುರಿಯಿಟ್ಟವರ ಫೋಟೋಗಳೆಲ್ಲ ಕತ್ತಲೆ. ಎಲೆ ಮುಂದೆ ಕೂತವರ ಮುಖಗಳು ಮಾತ್ರ ಬಲು ಚೆನ್ನಾಗಿ ಬಂದಿದ್ದವು.

ರೀಲು ತೊಳೆಸೋಕೆ ಕೊಟ್ಟಿದ್ದು ಮೈಸೂರಿನ ಅಗ್ರಹಾರದ ಕಡೆಯ ಒಂದು ಹಳೇ ಸ್ಟುಡಿಯೋಗೆ. ಈಗ ಅಲ್ಲಿ ನಡೆಯೋದು ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಜೆರಾಕ್ಸು. ಕಲರ್ ರೀಲು ಬಂದರೆ ಯಜಮಾನರು ಬೆಂಗಳೂರಿಗೆ ಕಳಿಸಿ ತರಿಸಿಕೊಡುತ್ತಾರೆ. ರೀಲನ್ನು ಹೊರಕ್ಕೆ ತೆಗೆದವರೇ, "ಡಬ್ಬಿ ಏನ್ಮಾಡ್ಲಿ ಸ್ವಾಮಿ, ಬಿಸಾಕ್ಲಾ?" ಅಂದರು. ಬೇಡಿ, ಇಟ್ಟಿರಿ, ಇನ್ನೊಂದು ರೀಲು ಹಾಕಕ್ಕಾಗುತ್ತಾ ನೋಡೋಣ ಅಂದೆ. ಅವರಿಗೆ ಖುಷಿಯಾಯಿತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೀಲಿನ ಕಾಲದಿಂದ ಕತ್ತಲೆ ಕೋಣೆಯಲ್ಲಿ ಬೆರಳಾಡಿಸಿದ ಮನುಷ್ಯ. ಭಾನುವಾರ ಮಧ್ಯಾಹ್ನ ಬನ್ನಿ, ಅಂಗಡಿಗೆ ಯಾರೂ ಬರಲ್ಲ ಅಂದರು.

ಭಾನುವಾರ ಮೊದಲು ಆಗಿದ್ದು ಫ್ಲ್ಯಾಶಿನ ಶಾಸ್ತಿ. ಅಕ್ಕನ ಮಗ ರಟ್ಟು ಹರಿದು ಡಬ್ಬಿ ಬಿಚ್ಚೋಕೆ ಕೈ ಹಾಕಿದ್ದೇ ತಡ, ಯಜಮಾನರು, "ಲೋ ಮರಿ, ಕೈ ತೆಗಿ" ಅಂತ ಗದರಿದರು. ಕ್ಯಾಮೆರಾದೊಳಗೆ ಇರೋದು ಒಂದೇ ಒಂದು ಪೆನ್ಸಿಲ್ ಸೆಲ್, ಒಂದೂವರೆ ವೋಲ್ಟು. ಆದರೆ ಫ್ಲ್ಯಾಶ್ ಹೊಡೆಯೋಕೆ ಅದು ಪಕ್ಕದ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟು ಕೂಡಿಡುತ್ತದೆ. ಸೆಲ್ ತೆಗೆದ ಮೇಲೂ ಅದು ಅಲ್ಲೇ ಕಾದು ಕೂತಿರುತ್ತದೆ. ಮುಟ್ಟಿದವನ ತೋಳು ಅರ್ಧ ಗಂಟೆ ಜುಮ್ಮೆನ್ನುತ್ತದಂತೆ. ಯಜಮಾನರು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ಕೆಪಾಸಿಟರಿನ ಎರಡೂ ಕಾಲಿಗೆ ಅಡ್ಡ ಇಟ್ಟರು. ಚಟ್ ಅಂತ ಕಿಡಿ ಹಾರಿ, ಸ್ಕ್ರೂಡ್ರೈವರಿನ ತುದಿಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಉಳಿಯಿತು. ಹಳೇ ಸೆಲ್ಲಿನಲ್ಲಿ ಇನ್ನೂ ಜೀವ ಇತ್ತು; ಅದು ಸ್ಟುಡಿಯೋದ ಗೋಡೆ ಗಡಿಯಾರಕ್ಕೆ ಹೋಯಿತು.

ಬಿಚ್ಚಿ ನೋಡಿದರೆ ಒಳಗಡೆ ಬಿಸಾಕುವಂಥದ್ದು ಏನಿದೆ ಹೇಳಿ! ಒಂದು ಪ್ಲಾಸ್ಟಿಕ್ ಲೆನ್ಸು, ಒಂದು ಸ್ಪ್ರಿಂಗು, ಉಗುರಗಲದ ಶಟರ್ ತಗಡು, ಒಂದು ಹಲ್ಲಿನ ಚಕ್ರ. ರೀಲು ಕೂರುವ ಜಾಗ ಚಪ್ಪಟೆ ಇಲ್ಲ, ಸ್ವಲ್ಪ ಬಾಗಿದೆ. ಅಗ್ಗದ ಲೆನ್ಸು ಅಂಚಿನಲ್ಲಿ ಮಸುಕು ಮಾಡುತ್ತದಲ್ಲ, ಅದನ್ನು ಸರಿದೂಗಿಸಲು ರೀಲನ್ನೇ ಬಗ್ಗಿಸಿದ್ದಾರೆ. ಯಾರೋ ತಲೆ ಖರ್ಚು ಮಾಡಿ ಕಟ್ಟಿದ ಯಂತ್ರ ಇದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರೀಲು ಓಡುವ ದಿಕ್ಕು. ಫ್ಯಾಕ್ಟರಿಯಲ್ಲೇ ಪೂರ್ತಿ ರೀಲನ್ನು ಅದರದೇ ಪುಟ್ಟ ಡಬ್ಬಿಯಿಂದ ಹೊರಗೆಳೆದು ಎದುರಿನ ಉರುಳೆಗೆ ಸುತ್ತಿರುತ್ತಾರೆ. ಒಂದೊಂದು ಫೋಟೋ ತೆಗೆದಂತೆ ಅದು ಡಬ್ಬಿಯೊಳಕ್ಕೆ ವಾಪಸ್ ಹೋಗುತ್ತದೆ. ನಡುವೆ ಯಾರಾದರೂ ಬಾಗಿಲು ತೆರೆದುಬಿಟ್ಟರೂ ತೆಗೆದ ಫೋಟೋಗಳು ಡಬ್ಬಿಯ ಕತ್ತಲಲ್ಲಿ ಕ್ಷೇಮ. ಹಾಳಾಗುವುದು ಇನ್ನೂ ತೆಗೆಯದವು ಮಾತ್ರ. ಸಾವಿರಾರು ರೂಪಾಯಿಯ ಕ್ಯಾಮೆರಾಗಳಲ್ಲೂ ಎಷ್ಟೋ ಮಂದಿಗೆ ಈ ಭಾಗ್ಯ ಇರಲಿಲ್ಲ.

ಹಾಗಾಗಿ ಹೊಸ ರೀಲು ತುಂಬುವಾಗ ಫ್ಯಾಕ್ಟರಿಯವರ ಕೆಲಸವನ್ನು ನಾವೇ ಮಾಡಬೇಕು, ಅದೂ ಪೂರಾ ಕತ್ತಲಲ್ಲಿ. ಕಪ್ಪು ಬಿಳುಪು ಪೇಪರಿಗೆ ಕೆಂಪು ಬಲ್ಬು ನಡೆಯುತ್ತದೆ, ಕಲರ್ ರೀಲಿಗೆ ಅದೂ ಇಲ್ಲ. ಈಗ ಜೆರಾಕ್ಸ್ ಪೇಪರ್ ಬಂಡಲ್ ತುಂಬಿರುವ ಆ ಡಾರ್ಕ್ ರೂಮಿನಲ್ಲಿ ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಕಾಣುವುದೇನೂ ಇಲ್ಲ. ರೀಲು ಎಳೆಯುವ ಸರಸರ, ಉರುಳೆಗೆ ಸುತ್ತುವ ಸದ್ದು, ನಡುವೆ ಯಜಮಾನರ ಗೊಣಗಾಟ. "ತೂತು ಹಲ್ಲಿಗೆ ಕೂರ್ಬೇಕು. ಕೂರ್ಲಿಲ್ಲಾಂದ್ರೆ ಶಟರ್ರೇ ಏಳಲ್ಲ." ನಿಜವೇ. ಈ ಕ್ಯಾಮೆರಾದಲ್ಲಿ ಶಟರನ್ನು ಸಜ್ಜು ಮಾಡುವುದು ನಮ್ಮ ಬೆರಳಲ್ಲ, ರೀಲಿನ ಅಂಚಿನ ತೂತುಗಳು ಹಲ್ಲಿನ ಚಕ್ರವನ್ನು ಎಳೆದುಕೊಂಡು ಹೋಗುವ ಓಟ. ರೀಲಿಲ್ಲದೆ ಒತ್ತಿದರೆ ಅದು ಮಾತೇ ಆಡುವುದಿಲ್ಲ. ಕೊನೆಗೆ ಟಪ್ ಅಂತ ಮುಚ್ಚಳ ಕೂತಿತು. ಲೈಟ್ ಹಾಕಿ, ಎಣಿಕೆ ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಸುತ್ತಲೂ ಎಲೆಕ್ಟ್ರಿಷಿಯನ್‌ಗಳ ಕರಿ ಟೇಪು ಸುತ್ತಿದರು. ಬಿಚ್ಚುವಾಗ ಒಂದು ಕೊಂಡಿ ಮುರಿದಿತ್ತು, ಅಲ್ಲಿಗೆ ಎರಡು ಸುತ್ತು.

ಮೊದಲಿದ್ದದ್ದು 800 ಎಎಸ್‌ಎ ರೀಲು. ನಾವು ಹಾಕಿದ್ದು 200. ಈ ಅಂಕಿ ದೊಡ್ಡದಾದಷ್ಟೂ ರೀಲಿಗೆ ಕಡಿಮೆ ಬೆಳಕು ಸಾಕು. ಅಕ್ಕನ ಮಗನಿಗೆ ಅನುಮಾನ: "ಮಾವ, ಕತ್ಲೆ ಬರಲ್ವಾ?" ಈ ಕ್ಯಾಮೆರಾದ ಶಟರಿಗೆ ಇರೋದು ಒಂದೇ ವೇಗ, ಸೆಕೆಂಡಿನ ನೂರನೇ ಒಂದು ಭಾಗ; ಬೆಳಕು ಒಳಗೆ ಬಿಡುವ ಕಂಡಿಗೂ ಒಂದೇ ಅಳತೆ, ಎಫ್ 10. ನಮ್ಮ ಮಂಡ್ಯ ಸೀಮೆಯ ಮಟಮಟ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ 200ರ ರೀಲಿಗೂ ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು ಬೆಳಕು ಬೀಳುತ್ತದೆ. ಕಲರ್ ನೆಗೆಟಿವ್ ಹೆಚ್ಚಾದ ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಮುನಿಸಿಕೊಳ್ಳುತ್ತದೆ. 800 ಇಟ್ಟಿರುವುದು ಮಂಕು ಬೆಳಕಿನ ದೇಶಗಳಿಗೆ ಅಂತ ನನ್ನ ತೀರ್ಮಾನ.

ಪರೀಕ್ಷೆಗೆ ಮೇಲುಕೋಟೆಗೆ ಹೋದೆವು. ಪಾಂಡವಪುರ, ಜಕ್ಕನಹಳ್ಳಿ ಮೇಲೆ ದಾರಿ. ಕಲ್ಯಾಣಿ ಮೆಟ್ಟಿಲ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ರಾಯಗೋಪುರದ ಕಂಬಗಳ ಕೆಳಗೆ ನಿಂತ ಅಕ್ಕನ ಮಗ ಅಭ್ಯಾಸಬಲದಿಂದ ಕ್ಯಾಮೆರಾದ ಹಿಂಭಾಗ ತಿರುಗಿಸಿ ನೋಡಿದ. ಕರಿ ಟೇಪು ಬಿಟ್ಟರೆ ಏನಿದೆ ಅಲ್ಲಿ? ಪುಳಿಯೋಗರೆ ದೊನ್ನೆಯನ್ನು ಒಂದಡಿ ದೂರದಿಂದ ತೆಗೆಯುತ್ತೀನಿ ಅಂದವನಿಗೆ ಬೇಡ ಅಂದೆ, ಕೇಳಲಿಲ್ಲ. ಮೂರಡಿ ಒಳಗಿನದು ಇದಕ್ಕೆ ಮಸುಕು. ಮೇಲಾಗಿ ನಾವು ಕಣ್ಣಿಡುವ ಕಿಂಡಿ ಬೇರೆ, ಲೆನ್ಸ್ ಬೇರೆ; ಹತ್ತಿರ ಹೋದಷ್ಟೂ ಗುರಿ ತಪ್ಪುತ್ತದೆ.

ಬೆಂಗಳೂರಿಂದ ಬಂದ ಫೋಟೋಗಳಲ್ಲಿ ದೊನ್ನೆಯ ಅರ್ಧ ಮಾತ್ರ, ಅದೂ ಮಂಜು ಮುಸುಕಿದ ಹಾಗೆ. ಕಲ್ಯಾಣಿಯ ಮೆಟ್ಟಿಲುಗಳು ಮಾತ್ರ ಒಂದೊಂದೂ ಎಣಿಸುವ ಹಾಗೆ ಬಂದಿದ್ದವು. ಮುರಿದ ಕೊಂಡಿಯ ಕಡೆಯಿಂದ ಬೆಳಕು ನುಸುಳಿ ಕೆಲವು ಫೋಟೋಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಪಟ್ಟಿ. ಅಕ್ಕನ ಮಗ ಇನ್‌ಸ್ಟಾಗ್ರಾಮಿಗೆ ಹಾಕಿದ್ದು ಅವನ್ನೇ.

ದುಡ್ಡು ಉಳಿಯಿತು ಅಂತ ಹೇಳಲಾರೆ. ರೀಲು, ತೊಳೆಸುವುದು, ಸ್ಕ್ಯಾನು, ಕೊರಿಯರ್ ಎಲ್ಲ ಸೇರಿ ಕೈ ಕಚ್ಚುತ್ತದೆ. ಆದರೆ ಹೀಗೆ ಮರಳಿ ತುಂಬುವುದರಲ್ಲಿ ಒಂದು ಕಾಲಕ್ಕೆ ದೊಡ್ಡ ವ್ಯಾಪಾರವೇ ಇತ್ತು. 1986ರಲ್ಲಿ ಜಪಾನಿನಲ್ಲಿ ಇಂಥ ಕ್ಯಾಮೆರಾ ಬಿಟ್ಟ ಫ್ಯೂಜಿ, ಖಾಲಿ ಡಬ್ಬಿಗಳಿಗೆ ರೀಲು ತುಂಬಿ ಮಾರುತ್ತಿದ್ದ ಜಾಝ್ ಫೋಟೋ ಮುಂತಾದವರ ಮೇಲೆ ಅಮೆರಿಕದಲ್ಲಿ ಪೇಟೆಂಟ್ ದಾವೆ ಹೂಡಿತ್ತು. 2001ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಅಮೆರಿಕದಲ್ಲೇ ಮೊದಲು ಮಾರಾಟವಾದ ಕ್ಯಾಮೆರಾಗೆ ಹೀಗೆ ರೀಲು ತುಂಬುವುದು ರಿಪೇರಿ, ಅದಕ್ಕೆ ಅಡ್ಡಿಯಿಲ್ಲ ಎಂದಿತು. ಯಜಮಾನರಿಗೆ ಇದನ್ನು ಹೇಳಿದೆ. "ಇದಕ್ಕೂ ಕೋರ್ಟಾ?" ಅಂತ ನಕ್ಕು ಲ್ಯಾಮಿನೇಷನ್ ಕಡೆ ತಿರುಗಿದರು.

ಈಗ ಅರಮನೆಯ ಭಾನುವಾರದ ದೀಪಾಲಂಕಾರವನ್ನೂ ಇದರಲ್ಲೇ ತೆಗೀಬೇಕು ಅಂತ ಅಕ್ಕನ ಮಗನ ಹಟ. ಆಗದ ಮಾತು, ಅದಕ್ಕೆ ನಿನ್ನ ಫೋನೇ ಸರಿ ಅಂದಿದ್ದೇನೆ. ಮುಂದಿನ ಸಲ ಬರುವಾಗ ಕ್ಯಾಮೆರಾ ತರಬೇಡ, ರೀಲು ತಾ ಅಂತಲೂ ಹೇಳಿದ್ದೇನೆ. ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ, ಎಕ್ಸ್‌ರೇ ತಗುಲಿದರೆ ರೀಲು ಹಾಳು. ವಿಮಾನ ನಿಲ್ದಾಣದ ಹೊಸ ಸಿಟಿ ಸ್ಕ್ಯಾನರಿಗೂ ಕೊಡದೆ ಕೈಯಲ್ಲೇ ತೋರಿಸಿ ಪರೀಕ್ಷೆ ಮಾಡಿಸಬೇಕು.